ಬಿಳಿ ಬಾವುಟ, ಬಲಮಗ್ಗುಲು

ಆ ಬೇಸಿಗೆಯ ಕೊರೊನಾ ಹೆಂಗಸರನ್ನು ಕೊಲ್ಲುವುದಿಲ್ಲವೆಂದು ಜಿಲ್ಲಾ ಕಚೇರಿ ತೀರ್ಮಾನಿಸಿತ್ತು. ಕಿರ್ಗಿಜ್ ಬೆಟ್ಟಗಳ ನಡುವಿನ ತೆರೆಕ್‌ಬೆಲ್ ಹಳ್ಳಿಯ ದಾದಿ ಸಯ್ರಕುಲ್‌ಗೆ ಈ ಸಂಗತಿಯನ್ನು ಓದಿ ಹೇಳಿದವನು ಅಂಕಿಅಂಶದ ಅಧಿಕಾರಿ ಮುಕಾಶೆವ್. ಕೋಷ್ಟಕ ಅಚ್ಚುಕಟ್ಟಾಗಿತ್ತು. ಜುಲೈ ತಿಂಗಳಲ್ಲಿ ಈ ಹಳ್ಳಿಯಲ್ಲಿ ಕೊರೊನಾದಿಂದ ಸತ್ತವರು: ಅರವತ್ತು ದಾಟಿದ ಗಂಡಸರು, ನಾಲ್ಕು. ಹೆಂಗಸರು, ಸೊನ್ನೆ.

"ಹೆಂಗಸ್ರು ಯಾರೂ ಸಾಯ್ಲೇ ಇಲ್ವಾ ತಮ್ಮಾ?"

"ಸತ್ರು ಅಕ್ಕಾ, ಏಳು ಜನ. ಆದ್ರೆ ಅವರು ಹೃದಯ ನಿಂತು ಸತ್ತಿದ್ದು."

"ಏಳು ಜನದ್ದೂ ಒಂದೇ ತಿಂಗ್ಳಲ್ಲಿ?"

"ಪರೀಕ್ಷೆ ಆಗಿರ್ಲಿಲ್ವಲ್ಲ."

ಪರೀಕ್ಷೆ ಆಗುತ್ತಿದ್ದುದು ಆಸ್ಪತ್ರೆಯಲ್ಲಿ. ಆಸ್ಪತ್ರೆಗೆ ಒಯ್ಯುತ್ತಿದ್ದುದು ಗಂಡಸರನ್ನು. ಹೆಂಗಸರು ಗಂಡನ ಹಾಸಿಗೆ ಸುತ್ತಿ ಕಳಿಸಿ, ಹಸು ಕರೆದು, ಹಾಲು ಕಾಯಿಸಿಟ್ಟು, ಆಮೇಲೆ ಮನೆಯಲ್ಲೇ ಸಾಯುತ್ತಿದ್ದರು. ಈ ಕೋಷ್ಟಕದ ಆಧಾರದ ಮೇಲೆ ಹೊಸ ಆದೇಶವೂ ಬಂದಿತ್ತು: ವ್ಯಾನಿನಲ್ಲಿ ಮೊದಲ ಜಾಗ ಅರವತ್ತು ದಾಟಿದ ಗಂಡಸರಿಗೆ.

ಸಯ್ರಕುಲ್‌ಳ ಅಕ್ಕ ಉಲ್ಕಾನ್‌ಗೆ ಅರವತ್ತಾರು. ತಾಯಿಯಿಲ್ಲದ ತಂಗಿಯನ್ನು ಸಾಕಿದವಳು. ಐದು ದಿನದಿಂದ ಜ್ವರ. ಬೆರಳಿಗೆ ಸಿಕ್ಕಿಸಿದ ಯಂತ್ರ ಎಂಬತ್ತೆರಡು ತೋರಿಸುತ್ತಿತ್ತು. ಹಳ್ಳಿಯಲ್ಲಿ ಆಮ್ಲಜನಕ ಇರಲಿಲ್ಲ.

"ಗಂಡಸ್ರು ಹೆಚ್ಚು ಸಾಯ್ತಾರೆ ಅನ್ನೋದು ಸುಳ್ಳಲ್ಲ ತಮ್ಮಾ, ಲೋಕದಲ್ಲೆಲ್ಲ ಹಾಗೇ ಅಂತೆ," ಎಂದಳು ಸಯ್ರಕುಲ್. "ಆದ್ರೆ ಹೆಚ್ಚು ಅನ್ನೋದಕ್ಕೂ ಎಲ್ಲಾ ಅನ್ನೋದಕ್ಕೂ ನಡುವೆ ನಮ್ಮಕ್ಕ ಮಲಗಿದಾಳೆ."

ಮಾತು ಕೇಳುತ್ತ ನಿಂತಿದ್ದ ಮುದುಕ ಜುಮಾಕಾದಿರ್ ಕೆಮ್ಮಿದ. ಸಾವಿನ ಮನೆಯ ಮುಂದೆ ಕಂಬಳಿ ಗುಡಾರ ಹಾಕುವುದು ನಲವತ್ತು ವರ್ಷದಿಂದ ಅವನ ಕೆಲಸ. ಸತ್ತವರು ಎಳೆಯರಾದರೆ ಗುಡಾರಕ್ಕೆ ಕೆಂಪು ಬಾವುಟ, ನಡುವಯಸ್ಸಿಗೆ ಕಪ್ಪು, ಮುದಿವಯಸ್ಸಿಗೆ ಬಿಳಿ. ಒಳಗೆ ಗಂಡಸಾದರೆ ಎಡಮಗ್ಗುಲಲ್ಲಿ ಪರದೆ ಕಟ್ಟಿ ಮಲಗಿಸಬೇಕು, ಹೆಂಗಸಾದರೆ ಬಲಮಗ್ಗುಲಲ್ಲಿ. ಗುಡಾರ ಕಂಡ ಗಂಡಸು ಯಾರೇ ಆಗಲಿ, ಸತ್ತವರನ್ನು ಅಪ್ಪಾ, ಅವ್ವಾ ಎಂದು ಕರೆದು ಗೋಳಿಡುತ್ತ ಓಡಿ ಬರಬೇಕು.

"ಈ ತಿಂಗ್ಳು ಬಿಳಿ ಹನ್ನೊಂದು ಸಲ ಕಟ್ಟಿದೀನಪ್ಪ. ಎಡಕ್ಕೆ ನಾಲ್ಕು, ಬಲಕ್ಕೆ ಏಳು. ಕೆಂಪು ಒಂದ್ಸಲಾನೂ ಬಿಚ್ಚಿಲ್ಲ. ಹನ್ನೊಂದೂ ಜನ ಕೆಮ್ಮಿದ್ದು ಒಂದೇ ಥರ."

"ಗುಡಾರ ದಾಖಲೆ ಅಲ್ಲ ಅಜ್ಜಾ," ಎಂದು ಮುಕಾಶೆವ್ ಕಡತ ಮುಚ್ಚಿದ. ನಾಳೆ ಮಧ್ಯಾಹ್ನ ವ್ಯಾನ್ ತರುತ್ತೇನೆಂದ. ಜಾಗ ಎರಡು. ಒಂದು ಈ ಹಳ್ಳಿಯಲ್ಲಿ ಜ್ವರ ಹಿಡಿದು ಮಲಗಿದ್ದ ಮುದುಕ ಸತಾರನಿಗೆ. ಇನ್ನೊಂದು, ಮುಂದಿನ ಹಳ್ಳಿಯಲ್ಲಿ ಯಾರಾದರೂ ಗಂಡಸು ಕಾಯಿಲೆ ಬಿದ್ದರೆ ಇರಲಿ ಎಂದು.

ಅವನು ಹೋದ ಮೇಲೆ ಸಯ್ರಕುಲ್ ಮುದುಕನಿಗೆ ಅಕ್ಕನ ಮನೆಯ ಮುಂದೆ ಗುಡಾರ ಹಾಕಲು ಹೇಳಿದಳು.

"ಬದುಕಿರೋರಿಗಾ? ನನ್ನ ಕೈ ಸೇದೋಗುತ್ತೆ ಕಣವ್ವಾ."

"ಸೇದೋದ್ರೂ ಕೋಷ್ಟಕಕ್ಕೆ ಬರಲ್ಲ, ಹಾಕು."

ಒಳಗಿನಿಂದ ಉಲ್ಕಾನ್, ಒಂದೊಂದು ಮಾತಿಗೂ ಉಸಿರೆಳೆದುಕೊಂಡು, "ಹಾಕೋ ಜುಮಾಕಾದಿರ್. ಹೇಗೂ ನನ್ಗೇ ತಾನೆ. ಕಂಬಳಿ ತೂತಿದ್ಯಾ ಅಂತ ನೋಡ್ಕೋತೀನಿ," ಎಂದಳು.

ಮರುದಿನ ಮಧ್ಯಾಹ್ನಕ್ಕೆ ಗುಡಾರ ಎದ್ದಿತ್ತು. ಬಿಳಿ ಬಾವುಟ. ಬಾಗಿಲಿನ ಕಂಬಳಿ ಮೇಲಕ್ಕೆ ಸುತ್ತಿತ್ತು. ಬಲಮಗ್ಗುಲ ಪರದೆ ದಾರಿಗೆ ಕಾಣುತ್ತಿತ್ತು. ಪರದೆಯ ಹಿಂದೆ ಉಲ್ಕಾನ್, ಮುಂದೆ ಚಹಾ ಕುಡಿಯುತ್ತ ನೆರೆಯ ಇಬ್ಬರು ಹೆಂಗಸರು. ಹೊರಗೆ ಜುಮಾಕಾದಿರ್ ಕೋಲೂರಿ ಬಗ್ಗಿ ನಿಂತಿದ್ದ. ಬೆಳಗಿನಿಂದ ದುಡಿದು ಅವನ ಸೊಂಟ ಬಿದ್ದುಹೋಗಿತ್ತು. ಅಧಿಕಾರಿ ಇಳಿದು "ಯಾರು ಸತ್ರು?" ಎಂದು ಕೇಳಬೇಕು, ಆಗ ಇಷ್ಟನ್ನು ಹೇಳಬೇಕು ಎಂದು ಸಯ್ರಕುಲ್ ರಾತ್ರಿಯೆಲ್ಲ ಉತ್ತರ ಜೋಡಿಸಿಟ್ಟುಕೊಂಡಿದ್ದಳು.

ಅವನು ಕೇಳಲೇ ಇಲ್ಲ. ವ್ಯಾನ್ ತಿರುವಿನಲ್ಲಿ ನಿಂತಿತು. ಮುಕಾಶೆವ್ ಇಳಿದ, ಬಾವುಟ ನೋಡಿದ, ಬಾಗಿಲೊಳಗೆ ನೋಡಿದ. ಅಪ್ಪ, ಅಜ್ಜ ಕಲಿಸಿದ್ದನ್ನು ಕಾಲುಗಳೇ ಮಾಡಿದವು. ಸೊಂಟ ಹಿಡಿದು, ಬಗ್ಗಿ, ಗುಡಾರದ ಕಡೆ ಓಡುತ್ತ ಅವನು ಗಂಟಲು ಹರಿಯುವಂತೆ ಗೋಳಿಟ್ಟ: "ಅಯ್ಯೋ ನನ್ನವ್ವಾ, ಬೆಟ್ಟದಂಥ ನನ್ನವ್ವಾ, ನಿನ್ನ ಮುಖ ಕಾಣದೇ ಹೋದ್ನಲ್ಲಾ!"

ಪರದೆಯ ಹಿಂದಿನಿಂದ ಕೆಮ್ಮು ಕೇಳಿಸಿತು.

"ಯಾರ ಮಗನೇ ಅದು? ಚೆನ್ನಾಗಿ ಅಳ್ತಾನೆ."

ಮುಕಾಶೆವ್ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಬೇಲಿಗಳ ಮೇಲೆ ಹಳ್ಳಿಯ ತಲೆಗಳೆಲ್ಲ ಎದ್ದಿದ್ದವು.

"ಒಳಗಿರೋದು ಹೆಂಗ್ಸು, ವಯಸ್ಸಾದೋಳು ಅಂತ ಯಾರು ಹೇಳಿದ್ರು ತಮ್ಮಾ?" ಸಯ್ರಕುಲ್ ಮೆಲ್ಲಗೆ ಕೇಳಿದಳು.

ಅವನು ಬಾವುಟದ ಕಡೆ, ಆಮೇಲೆ ಬಲಮಗ್ಗುಲ ಪರದೆಯ ಕಡೆ ನೋಡಿದ.

"ಹಾಗೇ ಏಳು ಸಲ ಕಟ್ಟಿದೀನಪ್ಪ," ಎಂದ ಜುಮಾಕಾದಿರ್. "ಅವ್ವಾ ಅಂತ ಊರೆದುರು ಅತ್ತಾಯ್ತು. ಈಗ ಬಿಟ್ಟು ಹೋದ್ರೆ, ನಾಳೆ ಹೆಗಲು ಕೊಡೋದಕ್ಕೂ ಮಗ ನೀನೇ ಬರ್ಬೇಕಾಗುತ್ತೆ."

ಮುಕಾಶೆವ್ ಹೋಗಿ ವ್ಯಾನಿನ ಹಿಂಬಾಗಿಲು ತೆಗೆದ. ಕಾಲು ಗಂಟೆಯಲ್ಲಿ ಉಲ್ಕಾನ್ ಎರಡನೆಯ ಹಾಸಿಗೆಯ ಮೇಲಿದ್ದಳು. ಒಂದೇ ತೊಡಕು: ವ್ಯಾನಿನ ನಮೂನೆಯಲ್ಲಿ ಹೆಂಗಸರಿಗೆ ಅಂಕಣವಿರಲಿಲ್ಲ. ಮುಕಾಶೆವ್ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಪೆನ್ನಿನ ಮುಚ್ಚಳ ತೆಗೆದ. ಆಮೇಲೆ ಬರೆದ: ಗಂಡು, ಅರವತ್ತಾರು.

ಸೆಪ್ಟೆಂಬರಿನಲ್ಲಿ ಉಲ್ಕಾನ್ ಸೊರಗಿ, ಊರುಗೋಲು ಹಿಡಿದು ಮನೆಗೆ ಬಂದಳು. ಬಂದವಳು ಮೊದಲು ಹಸುವಿನ ಕೆಚ್ಚಲು ಮುಟ್ಟಿ ನೋಡಿ ತಂಗಿಯನ್ನು ಬೈದಳು. ಅದೇ ವಾರ ಹೊಸ ಕೋಷ್ಟಕ ಬಂತು. ಗುಣವಾದ ಗಂಡಸರು, ಎರಡು. ಸತ್ತ ಹೆಂಗಸರು, ಸೊನ್ನೆ.

ಸಯ್ರಕುಲ್ ಅದನ್ನು ಔಷಧಿ ಕೋಣೆಯ ಗೋಡೆಗೆ ಅಂಟಿಸಿದಳು. ಪಕ್ಕದಲ್ಲಿ ಮೊಳೆ ಹೊಡೆದು, ಜುಮಾಕಾದಿರನನ್ನು ಕೇಳಿ ತಂದ ಬಿಳಿ ಬಟ್ಟೆಯ ಏಳು ಚೂರುಗಳನ್ನು ನೇತುಹಾಕಿದಳು. ಪ್ರತಿ ಚೂರಿನ ಮೇಲೂ ಒಂದು ಹೆಸರು, ಒಂದು ವಯಸ್ಸು.