ಅಳುಕು ಸರದಾರ

ಮೂರನೆಯ ಹಾಡು ಶುರುವಾದರೂ ಯಾರೂ ಎದ್ದು ಹೋಗಲಿಲ್ಲ.

ಅವನು ಪರದೆಯನ್ನು ನೋಡುತ್ತಿರಲಿಲ್ಲ, ತಲೆಗಳನ್ನು ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಒಬ್ಬ ಬಾಯಿ ತುಂಬ ಆಕಳಿಸಿದ. ಒಳ್ಳೆಯದು. ಎಡಗಡೆ ಹೆಂಗಸೊಬ್ಬಳು ಫೋನು ತೆಗೆದಳು. ಇನ್ನೂ ಒಳ್ಳೆಯದು. ಆದರೆ ಅವಳು ಫೋನನ್ನು ಪರದೆಯ ಕಡೆಗೇ ತಿರುಗಿಸಿ ಹಾಡನ್ನು ಹಿಡಿದುಕೊಳ್ಳತೊಡಗಿದಾಗ ಅವನು ಕುರ್ಚಿಯ ಕೈಯನ್ನು ಉಗುರಿನಿಂದ ಗೀರಿದ.

ಪರದೆಯ ಮೇಲೆ ಕಬ್ಬಿಣದ ಕವಚ ತೊಟ್ಟ ಸರದಾರರು, ಅನಿಮೇಶನ್ನಿನಲ್ಲಿ ಬರೆದು ಕುಣಿಸಿದ ಗೊಂಬೆಗಳು, ದುಂಡಗೆ ನಿಂತು ಹಾಡುತ್ತಿದ್ದರು. ಅವರ ಹಿಂದೆ ಕೋಟೆಯ ಬಾಗಿಲು. ಯಾರಾದರೂ ಮನಸಾರೆ ಹಾಡಿದರೆ ಮಾತ್ರ ತೆರೆಯುವ ಬಾಗಿಲು. ಅದು ಅವನದು. ಸ್ಟುಡಿಯೋದ ಕಥಾಕೋಣೆಯಲ್ಲಿ, ಕಾಫಿ ಲೋಟದ ಕಲೆಯಿದ್ದ ಹಾಳೆಯ ಮೇಲೆ, ಅವನೇ ಅದನ್ನು ಮೊದಲು ಗೀಚಿದ್ದ. ಭುಜದ ಮೇಲಿಂದ ಬಗ್ಗಿ ನೋಡಿದ ನಿರ್ದೇಶಕ, "ಸಿಕ್ತಲ್ಲಪ್ಪ, ಸಿನಿಮಾ ಸಿಕ್ತು" ಎಂದು ಅವನ ಬೆನ್ನಿಗೆ ಗುದ್ದಿದ್ದ. ಎತ್ತರದ ಆಳು; ಯಾವ ಕೋಣೆಗೇ ಆಗಲಿ ತಲೆ ತಗ್ಗಿಸಿ ಬರುವವನು. ಸ್ಟುಡಿಯೋದವರೆಲ್ಲ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಆಗ ಗೆಳೆಯ.

ಸಿನಿಮಾ ಮುಗಿದದ್ದು ಬಾಗಿಲು ಗೀಚಿದ ಇವನಿಲ್ಲದೆ. ಅವನೀಗ ಚಿತ್ರಕಲಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಇವತ್ತು ಸಂಜೆ ಚಿತ್ರಸಂಘದಲ್ಲಿ ಪ್ರೇಕ್ಷಕರ ಜೊತೆ ಸಂವಾದ, ಉದ್ದಣ್ಣ ಬರುವವನಿದ್ದ. ಅದಕ್ಕಾಗಿ ಇವನು ದಿನಗಟ್ಟಲೆ ವಾಕ್ಯಗಳನ್ನು ಮಸೆದಿಟ್ಟಿದ್ದ. ಬಚ್ಚಲಲ್ಲಿ ಮಸೆದದ್ದು, ಬಸ್ಸಿನಲ್ಲಿ ಮಸೆದದ್ದು. 'ಹಾಡಿನ ಹಿಂದೆ ಅವಿತುಕೊಂಡ ಹೇಡಿತನವೇ ಈ ಸಿನಿಮಾ' ಎನ್ನುವುದು ಅವನಿಗೆ ಬಹಳ ಹಿಡಿಸಿತ್ತು. ಇನ್ನೂ ನೋಡದ ಸಿನಿಮಾದ ಬಗ್ಗೆ ಅದನ್ನು ಬರೆದಿದ್ದೇನೆ ಎಂಬುದು ಅವನಿಗೆ ದೊಡ್ಡ ದೋಷವಾಗಿ ಕಂಡಿರಲಿಲ್ಲ.

ಅಷ್ಟರಲ್ಲಿ ಥಿಯೇಟರು ಗೊಳ್ಳೆಂದಿತು.

ರಾಜ ಕೇಳಿದ್ದ: ಶತ್ರು ಬರುತ್ತಿದ್ದಾನೆ, ಬಾಗಿಲು ಕಾಯುವವರು ಯಾರು? ಒಬ್ಬೊಬ್ಬ ಸರದಾರನೂ ಕತ್ತಿಯೆತ್ತಿ ಒಂದೊಂದು ಸಾಲು ಹಾಡಿದ. ಕೊನೆಯವನ ಕವಚ ಅವನ ಮೈಗಿಂತ ಒಂದು ಅಳತೆ ದೊಡ್ಡದು. ಅವನು ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದುಕೊಂಡ. ಅರ್ಧ ನಕ್ಕ. "ಕುದುರೆಗೆ ನೀರು ಕುಡಿಸಿ ಬಂದ್ಬಿಡ್ತೀನಿ" ಎಂದು ರಾಗ ಎಳೆದು, ಒಂದು ಭುಜ ಮುಂದೆ ಮಾಡಿಕೊಂಡು, ಜನರ ಸಂದಿಯಲ್ಲಿ ಜಾರಿಕೊಂಡ.

ಥಿಯೇಟರಿನ ಕತ್ತಲಲ್ಲಿ, ನೋಡುತ್ತ ಕೂತ ಇವನ ಕೈಯೂ ತನ್ನ ಎಡಗಿವಿಯ ಮೇಲಿತ್ತು.

ಯಾವಾಗ ಹೋಗಿತ್ತೋ. ಅವನು ಅದನ್ನು ಮೆಲ್ಲಗೆ, ಬೇರೆ ಯಾರದೋ ಕೈಯೆಂಬಂತೆ, ತೊಡೆಯ ಮೇಲೆ ಇಳಿಸಿಕೊಂಡ. ಪಕ್ಕದಲ್ಲಿ ಹೆಂಡತಿ ನಗುತ್ತಿದ್ದಳು. ನಗು ಅರ್ಧಕ್ಕೇ ನಿಂತಿತು. ಅವಳು ಅವನ ಕಡೆ ತಿರುಗಲಿಲ್ಲ. ತಿರುಗದೇ ಇರಲು ಅವಳು ಪಡುತ್ತಿದ್ದ ಪಾಡು ಅವನಿಗೆ ಕತ್ತಲಲ್ಲೂ ಕಂಡಿತು.

ಅವಳ ಆಚೆ ಕೂತ ಅತ್ತೆ, ಎರಡು ಹಾಡುಗಳ ಉದ್ದಕ್ಕೂ ತೂಕಡಿಸಿದವರು, ಈಗ ಎದ್ದು ಕೂತು "ಇವನ್ಯಾರೇ?" ಎಂದು ಮಗಳನ್ನು ಕೇಳಿದರು.

"ಯಾರೋ ಅಮ್ಮ. ಸುಮ್ನಿರು."

ಸ್ಟುಡಿಯೋದಲ್ಲೂ ಹಿಂದೆ ಅಂಥದೇ ಒಂದು ಮೀಟಿಂಗು ನಡೆದಿತ್ತು. ಕಂಪನಿಯ ಯಜಮಾನ ಚಿತ್ರ ಬರೆಯುವ ಹುಡುಗ ಹುಡುಗಿಯರಲ್ಲಿ ಅರ್ಧದಷ್ಟು ಜನರನ್ನು ಮನೆಗೆ ಕಳಿಸಲು ಹೊರಟಿದ್ದ. ಯಾರಾದರೂ ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿ ಎಂದಿದ್ದ. ಉದ್ದಣ್ಣ ಹೇಳಿದ. ಆಮೇಲೆ ಎಲ್ಲರ ಕಣ್ಣೂ ಮೇಜಿನ ಈ ತುದಿಗೆ ತಿರುಗಿದಾಗ ಇವನಿಗೆ ಫೋನು ಬಂದಿತ್ತು. ಒಳಗೆ ಮರಳುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಉದ್ದಣ್ಣ ಅವನನ್ನು ಬೈಯಲಿಲ್ಲ, ಜಗಳವಾಡಲಿಲ್ಲ. ಮಾತು ಬಿಟ್ಟ, ಅಷ್ಟೆ. ಕೆಲವು ತಿಂಗಳಲ್ಲಿ ಇವನೇ ರಾಜೀನಾಮೆ ಕೊಟ್ಟ. ಉಸಿರುಗಟ್ಟಿಸಿ ಹೊರದಬ್ಬಿದರು ಎಂದು ಎಲ್ಲರಿಗೂ ಹೇಳಿದ. ಹೇಳಿ ಹೇಳಿ ಅದು ನಿಜವೇ ಆಗಿತ್ತು.

ಸಿನಿಮಾ ಮುಗಿದು ಪರದೆಯ ಮೇಲೆ ಹೆಸರುಗಳು ಓಡುವಾಗ ಅವನು ಕಣ್ಣು ಮಿಟುಕಿಸಲಿಲ್ಲ. ಕಟ್ಟಕಡೆಗೆ, ಕೃತಜ್ಞತೆಯ ಗುಂಪಿನಲ್ಲಿ, ಕ್ಯಾಂಟೀನಿನವರಿಗೂ ಡ್ರೈವರುಗಳಿಗೂ ನಡುವೆ, ಅವನ ಹೆಸರು ಬಂದು ಹೋಯಿತು.

ಹೊರಗಿನ ಹಜಾರದಲ್ಲಿ ಅವನು ಗೋಡೆಗೊರಗಿ ಮಾತುಗಳನ್ನು ಹೆಕ್ಕತೊಡಗಿದ. "ಹಾಡು ಅತಿಯಾಯ್ತು." ಅವನ ಎದೆ ತಂಪಾಯಿತು. "ಬಣ್ಣ ಮಾತ್ರ ಅದ್ಭುತ ಕಣೋ." ಮತ್ತೆ ಉರಿಯಿತು. ಮಗುವನ್ನೆತ್ತಿಕೊಂಡ ಒಬ್ಬ ತಂದೆಯ ಹತ್ತಿರ ಹೋಗಿ, "ಬೋರಾಯ್ತು ಅಲ್ವಾ?" ಎಂದು ಮೆತ್ತಗೆ ಒಂದು ಎಳೆ ಬಿಟ್ಟ.

"ಮೊದಲರ್ಧ ಹೌದು ಸಾರ್. ಆದ್ರೆ ಆ ಕಿವಿ ಎಳ್ಕೊಳ್ಳೋ ಗಿರಾಕಿ ಇದ್ದಾನಲ್ಲ, ಅವನೊಬ್ಬನಿಗೇ ಟಿಕೆಟ್ಟಿನ ದುಡ್ಡು ಕೊಡಬಹುದು." ಆತ ಕಿವಿ ಎಳೆದುಕೊಂಡು ತೋರಿಸಿದ. ತಪ್ಪಾಗಿ, ಬಲಗಿವಿಯನ್ನು. ಎಡಗಿವಿ ಎಂದು ತಿದ್ದಬೇಕೆನಿಸಿ ಅವನು ತುಟಿ ಕಚ್ಚಿಕೊಂಡ.

ಚಿತ್ರಸಂಘಕ್ಕೆ ನಡೆದೇ ಹೋದರು. ಹೆಂಡತಿ ಅಂಗಡಿಗಳ ಗಾಜಿನೊಳಗೆ ನೋಡುತ್ತ ನಡೆದಳು.

"ನಿನಗೇನನ್ನಿಸ್ತು?" ಎಂದ.

"ಚೆನ್ನಾಗಿತ್ತು. ಪರವಾಗಿಲ್ಲ. ಒಂಚೂರು ಉದ್ದವಾಯ್ತು."

"ಅವನು ಯಾರ ಥರ ಇದ್ದ?"

"ಯಾವನು?"

"ನಿನಗೆ ಗೊತ್ತು."

ಅವಳು ಒಂದು ಗಾಜಿನ ಮುಂದೆ ನಿಂತಳು. "ಈ ಬ್ಯಾಗು ನೋಡಿ, ನನ್ನ ತಂಗಿ ಹತ್ರ ಇಂಥದ್ದೇ ಇದೆ" ಎಂದಳು.

ಅತ್ತೆ ಹಿಂದಿನಿಂದ ಹೇಳಿದರು: "ನನಗೇನೋ ಅವನೊಬ್ಬನೇ ಮನುಷ್ಯನ ಹಾಗೆ ಕಂಡ. ಮಿಕ್ಕವರೆಲ್ಲ ಬರೀ ಪಾತ್ರೆ ಸಾಮಾನು." ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿ ಕಾಫಿ ಗೀಫಿ ಕೊಡ್ತಾರೇನಪ್ಪ?"

ಕೊಡುವುದಿಲ್ಲ ಎಂದ. ಇವತ್ತು ಉದ್ದಣ್ಣನ ನೀರಿಳಿಸಿಬಿಡುತ್ತೇನೆ ಎಂದು ಒಳಗೊಳಗೇ ಹೇಳಿಕೊಂಡ. ಆದರೆ ಹೇಗೆ? ನನ್ನನ್ನು ಗೇಲಿ ಮಾಡಿದ್ದಾನೆ ಎಂದು ದೂರಬೇಕಾದರೆ ಅದು ನಾನೇ ಎಂದು ಮೊದಲು ಒಪ್ಪಬೇಕು. ಉದ್ದಣ್ಣ ಲೆಕ್ಕ ಹಾಕಿಯೇ ಹೊಡೆದಿದ್ದ. ಅಳುವಂತಿಲ್ಲ, ಕೂಗುವಂತಿಲ್ಲ.

ಸಭಾಂಗಣ ತುಂಬಿತ್ತು. ವೇದಿಕೆಯ ಕುರ್ಚಿ ಸಣ್ಣದಾಗಿ ಉದ್ದಣ್ಣನ ಮೊಣಕಾಲು ಎದೆಯ ಹತ್ತಿರ ಬಂದಿತ್ತು. ಕೂದಲು ನರೆತಿತ್ತು. ಅಷ್ಟು ನರೆತಿರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಕಂಡು ಸಿಟ್ಟು ಹೆಚ್ಚಾಯಿತು.

ಜನ ಎದ್ದು ಎದ್ದು ಮಾತಾಡಿದರು. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಅಷ್ಟು ತೂಕದ ಕವಚ ಹೊತ್ತು ಕುಣಿಯುವುದು ಸಾಧ್ಯವೇ ಇಲ್ಲ ಎಂದರು. "ಯುದ್ಧ ಇನ್ನೂ ಸ್ವಲ್ಪ ಬೇಕಿತ್ತು" ಎಂದು ಒಬ್ಬ ತರುಣ. ಆಸ್ಪತ್ರೆಯ ನರ್ಸು ಮೈಕು ಹಿಡಿದು, "ಸಾಯೋರು ಅಷ್ಟೊತ್ತು ಹಾಡಲ್ಲ ಸರ್, ನಾನು ದಿನಾ ನೋಡ್ತೀನಿ. ಆದ್ರೂ ಆ ಹಾಡಿಗೆ ಅತ್ತುಬಿಟ್ಟೆ. ಯಾಕೆ ಅತ್ತೆ ಅಂತ ನನಗೇ ಸಿಟ್ಟು ಬಂತು" ಎಂದಳು. ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ತೆಗಳಿದರು. ಆ ಕಿವಿ ಎಳೆದುಕೊಳ್ಳುವವನ ಬಗ್ಗೆ ಮಾತ್ರ ಯಾರದೂ ತಕರಾರಿರಲಿಲ್ಲ.

"ಆ ಅಳುಕು ಸರದಾರ ಎಲ್ಲಿ ಸಿಕ್ಕ ನಿಮಗೆ?" ಎಂದು ನರ್ಸು ಕೇಳಿದಳು. "ಅಂಥವನನ್ನ ಎಲ್ಲೋ ನೋಡೇ ಬರೆದಿರಬೇಕು."

ಉದ್ದಣ್ಣ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. ಅವನ ಕಣ್ಣು ಸಾಲುಗಳ ಮೇಲೆ ಹಾದು ಬಂದು ಇವನ ಮೇಲೆ ನಿಂತಿತು. ಇವನು ಕಾದ. ಹೇಳು. ಹೇಳಲಿ. ಹೆಸರು ಹಿಡಿದೇ ಹೇಳಲಿ. ಆಮೇಲೆ ನನ್ನ ಸರದಿ.

"ದಿನಾ ನೋಡ್ತೀನಿ" ಎಂದ ಉದ್ದಣ್ಣ. "ಕನ್ನಡೀಲಿ."

ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೂ ಉದ್ದಣ್ಣ ಕಾದ. "ನಮ್ಮಲ್ಲಿ ಒಂದಷ್ಟು ಹುಡುಗರನ್ನ ಕೆಲಸದಿಂದ ತೆಗೆದ್ರು. ನಾನು ಒಂದು ಮಾತು ಆಡಿದೆ. ಆಡಿ, ಅದೇ ಕುರ್ಚೀಲಿ ಕೂತು ಸಿನಿಮಾ ಮುಗಿಸಿದೆ. ಎದ್ದು ಹೋದವರಿಗೆ ಅಷ್ಟಾದ್ರೂ ನಾಚಿಕೆ ಇತ್ತು."

ಸಾಲಿನಲ್ಲಿ ಕೂತ ಇವನ ಕಿವಿ ಕಾದವು. ಮೊದಲು ಬಾಗಿಲು ಕದ್ದ. ಈಗ ಎಲ್ಲರೆದುರು, ಚಪ್ಪಾಳೆಯ ನಡುವೆ, ನನ್ನ ಹೇಡಿತನವನ್ನೂ ಎತ್ತಿಕೊಂಡು ಹೋಗುತ್ತಿದ್ದಾನೆ.

ಅವನು ಎದ್ದು ನಿಂತಿದ್ದ. ಹೆಂಡತಿ ಅಂಗಿಯ ಚುಂಗು ಹಿಡಿದು ಜಗ್ಗಿದಳು. ಮಸೆದಿಟ್ಟ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಸುಳ್ಳು" ಎಂದ. "ಅವನು ನೀನಲ್ಲ. ನಾನು."

ಸಭೆ ಹೊರಳಿ ನೋಡಿತು.

"ಆ ಕಿವಿ ನನ್ನದು. ಆ ನಡಿಗೆ ನನ್ನದು. ಮೀಟಿಂಗಿಂದ ಎದ್ದು ಹೋದವನು ನಾನು. ಫೋನ್ ಬಂತು ಅಂತ ಹೋದೆ. ಯಾವ ಫೋನೂ ಬಂದಿರಲಿಲ್ಲ." ದನಿ ನಡುಗಿತು, ಗೆಲುವಿನಿಂದಲೇ ಇರಬೇಕು ಎಂದುಕೊಂಡ. "ಅದನ್ನೂ ನಿನ್ನದು ಅಂದ್ಕೋಬೇಡ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿಂದ ಸಾಲಿಗೆ ಹತ್ತಿಕೊಂಡಿತು. ಮೊದಲೇ ಮಾತಾಡಿಕೊಂಡು ಆಡಿದ ಆಟವೆಂದು ಎಲ್ಲರಿಗೂ ಖಾತ್ರಿಯಾಗಿತ್ತು. ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅತ್ತೆ.

ಉದ್ದಣ್ಣ ಮಾತ್ರ ನಗಲಿಲ್ಲ. "ಇವರು ನಮ್ಮ ಕಥೆಗಾರರು" ಎಂದ, ಬಹಳ ಮೆಲ್ಲಗೆ. "ಆ ಬಾಗಿಲು ಇವರದೇ. ಹೆಸರು ಮುಂದೆ ಬರಬೇಕಿತ್ತು. ತಪ್ಪಾಯ್ತು."

ಇಷ್ಟು ದಿನ ಒಳಗೆ ಸಾಕಿಕೊಂಡದ್ದನ್ನು ಯಾರೋ ಎರಡೇ ಮಾತಿನಲ್ಲಿ ಇಸಿದುಕೊಂಡಂತಾಯಿತು. ಕೈಯಲ್ಲಿ ಎಸೆಯಲು ಏನೂ ಉಳಿಯಲಿಲ್ಲ. ಸೇಡು ಹಾಗೇ ಇತ್ತು, ಬೆಚ್ಚಗೆ; ಇಡಲು ಜಾಗವಿರಲಿಲ್ಲ.

"ಒಂದ್ಸಲ ನಡೆದು ತೋರಿಸಿ ಸರ್" ಎಂದಿತು ಒಂದು ದನಿ.

ಅವನು ಹೊರಟ. ಕುರ್ಚಿಗಳ ಸಾಲು ಇಕ್ಕಟ್ಟು. ಒಂದು ಭುಜ ಮುಂದೆ ಮಾಡದೆ ದಾಟುವಂತಿರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು.

ಪಕ್ಕದ ಬಾಗಿಲಿನಿಂದ ಹಜಾರಕ್ಕೆ ಬಂದ. ಒಂದು ದೊಡ್ಡ ಹಲಗೆಯ ಬೆನ್ನು ಎದುರಾಯಿತು: ಬಣ್ಣವಿಲ್ಲದ ಪ್ಲೈವುಡ್ಡು, ಆಸರೆಗೆ ಹೊಡೆದ ಎರಡು ಪಟ್ಟಿ, ಬಗ್ಗಿಸಿದ ಮೊಳೆಗಳು. ಸಭೆ ನಡೆಯುವಾಗ ಸಿನಿಮಾದ ಹಂಚಿಕೆದಾರರು ತಂದು ನಿಲ್ಲಿಸಿದ್ದಿರಬೇಕು. ಮುಂದುಗಡೆ ಅಳುಕು ಸರದಾರನ ಕವಚ ಬರೆದಿತ್ತೆಂದು ಆಚೆ ನಿಂತವರ ಮಾತಿನಿಂದ ತಿಳಿಯಿತು. ಮುಖವಿರಬೇಕಾದಲ್ಲಿ ದುಂಡನೆಯ ತೂತು. ಜನ ಒಬ್ಬೊಬ್ಬರಾಗಿ ಹಿಂದೆ ಬಂದು, ಬಗ್ಗಿ, ಅದರಲ್ಲಿ ಮುಖವಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ನಿಂತಲ್ಲಿಂದ ಮುಖ ಕಾಣುತ್ತಿರಲಿಲ್ಲ. ಬಗ್ಗಿದ ಬೆನ್ನು, ಮೇಲೆದ್ದ ಹಿಮ್ಮಡಿ. ತಲೆಯಿಲ್ಲದ ಮೈಗಳು ಒಂದರ ಹಿಂದೆ ಒಂದು.

ಸಭೆ ಮುಗಿದು ಜನ ಬರತೊಡಗಿದರು. ಹಲಗೆಯ ಆಚೆಯಿಂದ ಹೆಂಡತಿಯ ದನಿ ಕೇಳಿತು, "ಎಲ್ಲಿ ಹೋದ್ರು?" ಅತ್ತೆಯ ದನಿ, "ಇಲ್ಲೇ ಎಲ್ಲೋ ಇರ್ತಾನೆ ಬಿಡೆ."

ಮುಂದಿದ್ದವನು ಮುಖ ತೆಗೆದು ಪಕ್ಕಕ್ಕೆ ಸರಿದ. ಹಿಂದೆ ಇನ್ನು ಯಾರೂ ಇರಲಿಲ್ಲ, ಅವನೊಬ್ಬನೇ. ತೂತಿನೊಳಗಿಂದ ಬೆಳಕು ಬಂದು ಅವನ ಅಂಗಿಯ ಮೇಲೆ ದುಂಡಗೆ ಬಿತ್ತು. ಆಚೆ, ಫೋನು ಎತ್ತಿ ಹಿಡಿದು ಸಾಲಾಗಿ ನಿಂತವರೆಲ್ಲ, ಇನ್ನೂ ಬಾರದ ಮುಖಕ್ಕೆ ಆಗಲೇ ನಗುತ್ತಿದ್ದರು.