ಇನ್ನೊಂದು ಸೊನ್ನೆ

ಲಕ್ಷ್ಮೀಶ ಮೈಸೂರಿನಿಂದ ನೈರೋಬಿಗೆ ಬಂದದ್ದು ಔಷಧಿ ಲೇಬಲ್ಲು, ಚೆಕ್ ಪುಸ್ತಕ ಅಚ್ಚು ಹಾಕುವ ಕೆಲಸಕ್ಕೆ. ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟು ಮಾಡುವ ವಿಭಾಗಕ್ಕೆ ಅವನೇ ಮುಖ್ಯಸ್ಥ. ಅಷ್ಟರಲ್ಲಿ ಗಡಿಯಾಚೆಯ ದೇಶವೊಂದು ಯುದ್ಧದಲ್ಲಿ ಸೋತಿತು. ಗೆದ್ದವರಿಗೆ ದಂಡ ಕಟ್ಟಬೇಕು, ಸೈನಿಕರಿಗೆ ಸಂಬಳ ಕೊಡಬೇಕು, ಬೊಕ್ಕಸದಲ್ಲಿ ಬಿಡಿಗಾಸಿಲ್ಲ. ಅಲ್ಲಿನ ಮಹಾ ಬುದ್ಧಿವಂತರಿಗೆ ಹೊಳೆದದ್ದು ಒಂದೇ: ನೋಟು ಅಚ್ಚು ಹಾಕಿಸುವುದು. ಅವರ ಸ್ವಂತ ಮುದ್ರಣಾಲಯ ಬಾಂಬಿಗೆ ಪುಡಿಯಾಗಿತ್ತು. ಆರ್ಡರು ಇಲ್ಲಿಗೆ ಬಂತು.

ಕರಾರಿನಲ್ಲೊಂದು ಷರತ್ತಿತ್ತು. ಆರ್ಡರು ಮುಗಿಯುವವರೆಗೆ ಪ್ಲೇಟಿನ ಗುಟ್ಟು ಬಲ್ಲವರು ದೇಶ ಬಿಡುವಂತಿಲ್ಲ, ಅವರ ಪಾಸ್‌ಪೋರ್ಟು ಮಾಲೀಕರ ತಿಜೋರಿಯಲ್ಲಿರಬೇಕು. ಲಕ್ಷ್ಮೀಶ ಬೋನಸ್ಸಿನ ಸಾಲು ಮಾತ್ರ ಓದಿ ಸಹಿ ಹಾಕಿದ್ದ. ಆದರೆ ಆರ್ಡರು ಮುಗಿಯಬೇಕಲ್ಲ! ಸಾವಿರದ ನೋಟು ಅಲ್ಲಿಗೆ ತಲುಪುವಷ್ಟರಲ್ಲಿ ಬ್ರೆಡ್ಡಿನ ಬೆಲೆ ಅದನ್ನು ದಾಟಿರುತ್ತಿತ್ತು. ಹತ್ತು ಸಾವಿರದ್ದು ಬೇಕೆಂದರು, ಆಮೇಲೆ ಲಕ್ಷದ್ದು, ಈಗ ಹತ್ತು ಲಕ್ಷದ್ದು. ಪ್ರತಿಸಲವೂ ಇದೇ ಕೊನೆಯದೆಂದು ಮಾಲೀಕರು ಅವನ ಮೂಗಿಗೆ ತುಪ್ಪ ಸವರುತ್ತಿದ್ದರು.

ಹೆಂಡತಿ ಊರ್ಮಿಳಾ ಹೆರಿಗೆಗೆಂದು ಮೈಸೂರಿನ ತವರಿಗೆ ಹೋಗಿದ್ದಳು. ಹಿಂದೆ ಎರಡು ಬಾರಿ ಗರ್ಭಪಾತವಾಗಿತ್ತು. ಎರಡು ಸಲವೂ ಅವನು ಕೆಲಸದಲ್ಲಿದ್ದ. ಈ ಸಲ ಪಕ್ಕದಲ್ಲಿರುತ್ತೇನೆಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಡಾಕ್ಟರು ಹೇಳಿದ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು. ಹೊಸ ನೋಟಿಗೆ ಒಂದು ತಿಂಗಳು ಬೇಕಿತ್ತು.

ಆಗಲೇ ಅವನಿಗೊಂದು ಉಪಾಯ ಹೊಳೆಯಿತು. ಗೋದಾಮಿನಲ್ಲಿ ಲಕ್ಷದ ನೋಟುಗಳು ಸಾಗಿಸುವ ಮೊದಲೇ ಬೆಲೆ ಕಳೆದುಕೊಂಡು ರಾಶಿ ಬಿದ್ದಿದ್ದವು. ಹೊಸದೇಕೆ? ಅವುಗಳ ಮೇಲೆಯೇ ಕೆಂಪು ಶಾಯಿಯಲ್ಲಿ ಇನ್ನೊಂದು ಸೊನ್ನೆ ಒತ್ತಿದರಾಯಿತು. ಒಂದೇ ಒಂದು ಸಣ್ಣ ಪ್ಲೇಟು. ಇಲ್ಲೇ ಕೂತು ಮೇಲ್ವಿಚಾರಣೆ ಮಾಡುತ್ತಿದ್ದ ಆ ದೇಶದ ಬ್ಯಾಂಕಿನ ವಯಸ್ಸಾದ ಅಧಿಕಾರಿ ಒಪ್ಪಿದರು. ತಿಂಗಳ ಕೆಲಸ ಎರಡು ದಿನಕ್ಕೆ ಮುಗಿಯಿತು. ಗುರುವಾರ ಲಾರಿಗಳು ಹೊರಟವು, ಶುಕ್ರವಾರ ಪಾಸ್‌ಪೋರ್ಟು ಕೊಡುತ್ತೇನೆಂದು ಮಾಲೀಕರು ಬೆನ್ನು ತಟ್ಟಿದರು. ಲಕ್ಷ್ಮೀಶ ಶುಕ್ರವಾರ ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದ.

ಶುಕ್ರವಾರ ಬೆಳಿಗ್ಗೆ ಮಾಲೀಕರ ಕೋಣೆಗೆ ಹೋದರೆ, ಲಾರಿಗಳ ಜೊತೆ ಹೊರಟುಹೋಗಬೇಕಿದ್ದ ಅಧಿಕಾರಿ ಅಲ್ಲೇ ಕೂತಿದ್ದರು. ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಮೊದಲು ಒಂದು ನೋಟಿಗೆ ತಿಂಗಳು ಹಿಡಿಯುತ್ತಿದ್ದುದರಿಂದ ಮಂತ್ರಿಗಳು ಅಷ್ಟು ದಿನ ಕಾಯಲೇಬೇಕಿತ್ತಂತೆ, ಬೆಲೆಗಳೂ ಅಷ್ಟಿಷ್ಟು ಕಾಯುತ್ತಿದ್ದವಂತೆ. ಎರಡೇ ದಿನ ಸಾಕೆಂಬ ಸುದ್ದಿ ನಿನ್ನೆ ಅವರಿಗೆ ಮುಟ್ಟಿದೆ. ಇನ್ನು ಪ್ರತಿ ಸೋಮವಾರ ಒಂದು ಸೊನ್ನೆ ಬೇಕಂತೆ, ನಿಲ್ಲಿಸಿ ಎನ್ನುವವರೆಗೆ.

"ನನ್ನ ಸಂಬಳಕ್ಕೆ ಎರಡು ಬ್ರೆಡ್ಡು ಬರುತ್ತಿತ್ತು. ಸೋಮವಾರ ಅದೂ ಬರೋದಿಲ್ಲ," ಎಂದರು ಅಧಿಕಾರಿ ಇಂಗ್ಲಿಷಿನಲ್ಲಿ. ಬೈಯುವ ದನಿಯಿರಲಿಲ್ಲ. ಬೈದಿದ್ದರೆ ಲಕ್ಷ್ಮೀಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ಪ್ಲೇಟನ್ನು ಯಾರು ಬೇಕಾದರೂ ಮಾಡಬಹುದೆಂದು ಅವನು ಮಾಲೀಕರ ಬಳಿ ಅಂಗಲಾಚಿದ. ಉಪಾಯ ನಿನ್ನದು, ಗುಟ್ಟು ನಿನಗೇ ಗೊತ್ತು, ಕರಾರೂ ಅದನ್ನೇ ಹೇಳುತ್ತದೆ ಎಂದು ಅವರು ತಿಜೋರಿಯ ಬಾಗಿಲನ್ನೂ ತೆಗೆಯಲಿಲ್ಲ. ತನ್ನ ಕಾಲಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಅವನಿಗೆ ಅರ್ಥವಾಯಿತು. ಆ ಕಲ್ಲು ಒಂದಿಡೀ ದೇಶದ ಮೇಲೂ ಬಿದ್ದಿತ್ತು.

ಮೆಟ್ಟಿಲ ಮೇಲೆ ನಿಂತಿದ್ದಾಗ ಊರ್ಮಿಳಾ ಫೋನ್ ಮಾಡಿದಳು.

"ಏರ್‌ಪೋರ್ಟ್‌ಗೆ ಎಷ್ಟೊತ್ತಿಗೆ ಹೊರಡ್ತೀರಾ?"

"ಇವತ್ತಾಗಲ್ಲ ಊರ್ಮಿ. ಇನ್ನೊಂದು ಆರ್ಡರ್ ಬಂತು."

ಅವಳು ಮೆಲ್ಲಗೆ ಕೇಳಿದಳು: "ಎಷ್ಟು ದಿನದ ಕೆಲಸ?"

"ಎರಡು ದಿನದ್ದು."

"ಅಷ್ಟೇನಾ? ಹೆದರಿಸಿಬಿಟ್ರಲ್ಲ," ಎಂದು ನಕ್ಕಳು. "ಹಾಗಾದ್ರೆ ಮಂಗಳವಾರ ಇಲ್ಲಿರ್ತೀರಾ."

ಹೂಂ ಎಂದ.