ಮೇಲೆ ನಿಲ್ಲುವ ಹೆಸರು

ಪಾತ ಇನುಪ ಸಾಮಾನು ಕೊಂಟಾಂ, ಹಳೆ ಕಬ್ಬಿಣ ಕೊಳ್ಳುವವನ ಆಟೋದಿಂದ ಅದೇ ರೆಕಾರ್ಡಿನ ದನಿ, ಕಿಟಕಿಯ ಕೆಳಗೆ ಬಂದು ದೊಡ್ಡದಾಗಿ, ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ ದಾಟಿ ಸಣ್ಣದಾಗಿ, ಹೋಯಿತು, ಇದೂ ನಿಲ್ಲಲಿಲ್ಲ, ಇವತ್ತು ಯಾವುದೂ ನಿಲ್ಲುವ ಹಾಗೆ ಕಾಣುವುದಿಲ್ಲ, ಸ್ನೇಹಲತಾ ಫೋನಿನ ಪರದೆಯ ಮೇಲೆ ಬೆರಳಿಟ್ಟು ಮತ್ತೆ ಮೇಲಕ್ಕೆ ತಳ್ಳುತ್ತಾಳೆ, ತೊಗರಿಬೇಳೆ ಎಂದು ಬರೆದ ಹಸಿರು ಪಟ್ಟಿ ಏರುತ್ತದೆ, ಏರಿ ಅಂಚು ಮುಟ್ಟುತ್ತದೆ, ಈಗ, ಈಗ ನಿಲ್ಲಬೇಕು, ನಿಂದರವ್ವಾ — ನಿಲ್ಲದೆ ಜಾರಿ ಹೋಗುತ್ತದೆ, ಉಳಿಯುವುದು ಅದರ ಕೆಳಗಿನ ದರ್ಜೆಗಳ ಸಾಲುಗಳು ಮಾತ್ರ, ಫಟಕಾ, ಸವಾ ನಂಬರ್, ಎರಡನೇ ನಂಬರ್, ಚೂರು, ಯಾವ ಬೇಳೆಯ ಫಟಕಾ, ಯಾವ ಬೇಳೆಯ ಚೂರು, ಹೇಳುವ ಹೆಸರೇ ಹೋದ ಮೇಲೆ ಕೆಳಗಿನವಕ್ಕೆ ಏನು ಅರ್ಥ. ಒಂದು ಸಾಲಿನ ಕೆಲಸರಿ ಅದು ಎಂದುಬಿಟ್ಟಿದ್ದಳು, ಬೆಳಿಗ್ಗೆ, ಬಸವರಾಜರಿಗೆ, ಬೇಗಂ ಬಜಾರದಲ್ಲಿ ಅಜ್ಜನ ಕಾಲದಿಂದ ಬೇಳೆಯ ಹೋಲ್‌ಸೇಲ್ ಅವರದು, ಹುಮನಾಬಾದಿನ ಕಡೆಯ ಜನ, ಮೇಡಂ ಎನ್ನುವುದಿಲ್ಲ, ಕನ್ನಡ ಬರುತ್ತದೆಂದು ತಿಳಿದ ದಿನದಿಂದ ಅಕ್ಕಾರ, ಅಕ್ಕಾರ ನಿಮ್ಮ ಆ್ಯಪ್ ಭಾಳ ಚಂದ ಐತ್ರಿ, ಬಣ್ಣ ಗಿಣ್ಣ ಎಲ್ಲಾ ಚಲೋ, ಆದ್ರ ಮನ್ನಿ ಒಬ್ಬ ಹೋಟೆಲ್ಲಿನಾವ ತೊಗರಿ ಎರಡನೇ ನಂಬರ್ ಅಂತ ತಿಳಕೊಂಡು ಕಡ್ಲಿಬ್ಯಾಳಿ ಎರಡನೇ ನಂಬರ್ ಒತ್ಯಾನ್ರಿ, ಚೀಲ ಬಿಚ್ಚಿ ನೋಡಿ, ಆ ಆ್ಯಪ್ ಮಾಡಿದವ್ರನ್ನ ತೊಗೊಂಡು ಬರ್ರಿ, ಸಾಂಬಾರದಾಗ ಹಾಕಿ ಕುದಸ್ತೀನಿ ಅಂತಾನ. ನಗಲೇಬೇಕಾಯಿತು. ಹೆಸರು ಮ್ಯಾಲೆ ಕುಂದ್ರಬೇಕ್ರಿ ಅಕ್ಕಾರ, ಸರಕು ಮುಗಿಯೂ ತನಕ ಹೆಸರು ಅಲ್ಲೇ ಕುಂತಿರಬೇಕು, ಮುಗೀತಂದ್ರ ಮುಂದಿಂದು ಬಂದು ಅದನ್ನ ದಬ್ಬಬೇಕು, ಅಷ್ಟ. ಅಷ್ಟೇ. ಸ್ಟಿಕಿ ಹೆಡರ್ ಎಂದರೆ ಏನೆಂದು ಇಷ್ಟು ಸಣ್ಣದಾಗಿ ತಾನು ಟೀಮಿನಲ್ಲಿ ಯಾರಿಗೂ ಹೇಳಿರಲಿಕ್ಕಿಲ್ಲ, ಅಂಟಿಕೊ ಎಂದು ಕೋಡಿನಲ್ಲಿ ಒಂದು ಸಾಲು, ಮೇಲಿನಿಂದ ಸೊನ್ನೆ ದೂರ ಎಂದು ಇನ್ನೊಂದು, ಬರೆದಾಗಿದೆ, ಅಳಿಸಿ ಮತ್ತೆ ಬರೆದಾಗಿದೆ, ಅಂಟುವುದಿಲ್ಲ, ತಟ್ಟೆಯಲ್ಲಿ ಅರ್ಧ ರೊಟ್ಟಿ ಒಣಗಿ ಅಂಚು ಮೇಲೆದ್ದಿದೆ, ಬೆರಳಿಗೆ ಮೆಣಸಿನ ಹಿಂಡಿಯ ಖಾರ, ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡಳು, ಉರಿ, ಒಳ್ಳೆಯದೇ ಆಯಿತು, ನಿದ್ದೆಯಾದರೂ ಹೋಯಿತು.

ನಿನ್ನೆ ಹೀಗೇ ಆಗಿದ್ದು, ಇದೇ ಕುರ್ಚಿ, ಇನ್ನೊಂದೇ ನಿಮಿಷ ಎಂದುಕೊಂಡು ಆಫೀಸಿನ ಕಾಲ್‌ನಲ್ಲಿ ಕೂತಿದ್ದಾಗ ಕೆಳಗೆ ಸ್ಕೂಲ್ ಬಸ್ಸಿನ ಹಾರನ್, ಚಪ್ಪಲಿ ಸಿಗದೆ ಬರಿಗಾಲಲ್ಲಿ ಮೆಟ್ಟಿಲಿಳಿದರೂ ಗೇಟು ಮುಟ್ಟುವಾಗ ಬಸ್ಸು ತಿರುವಿನಲ್ಲಿತ್ತು, ಗೇಟಿನಲ್ಲಿ ಮನೆಯವರು ಇಲ್ಲದಿದ್ದರೆ ಮಗುವನ್ನು ಇಳಿಸುವ ಹಾಗಿಲ್ಲ, ಸ್ಕೂಲಿನವರ ರೂಲು, ಒಳ್ಳೆಯ ರೂಲೇ, ಹಿಂದಿನ ಗಾಜಿಗೆ ಒತ್ತಿದ ಒಂದು ಅಂಗೈ, ಐದೂ ಬೆರಳು ಚಪ್ಪಟೆ, ರಕ್ತ ಸರಿದು ಬೆಳ್ಳಗೆ, ಹೋಯಿತು. ನಾಗಾರಂ ಕಡೆಯೆಲ್ಲ ಸುತ್ತಿ, ಎಲ್ಲ ಮಕ್ಕಳನ್ನೂ ಇಳಿಸಿ, ಬಸ್ಸು ತಿರುಗಿ ಬರುವ ತನಕ ಗೇಟಿನಲ್ಲೇ ನಿಂತಿದ್ದಳು, ಇಳಿದ ಮಗಳು ಭಕ್ತಿ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿರುತ್ತಿತ್ತು, ಆರು ವರ್ಷದ್ದು ಅಳಬೇಕಲ್ಲ, ಅದು ಕತೆ ಹೇಳುತ್ತ ಮೆಟ್ಟಿಲು ಹತ್ತಿತು, ಅವ್ವಾ ನಾ ಎಲ್ಲಾರ ಮನಿ ನೋಡಿದೆ, ಎಲ್ಲಾರ ಅವ್ವಾರನ್ನೂ ನೋಡಿದೆ, ಒಬ್ಬಾಕಿ ನೈಟಿ ಮ್ಯಾಲ ಟವೆಲ್ ಹೊತ್ಕೊಂಡು ಬಂದಿದ್ಲು, ನೀನೂ ಹಂಗ ಬರಬಹುದಿತ್ತು. ರಾತ್ರಿ ಫೋನಿನಲ್ಲಿ ಮಿಲಿಂದ, ಶಂಶಾಬಾದಿನ ಏರ್‌ಪೋರ್ಟಿನಲ್ಲಿ ಕಾರ್ಗೋ ಕೆಲಸ, ವಾರದ ನಾಲ್ಕು ದಿನ ಅಲ್ಲೇ ರೂಮು, ನಾ ಏನ ಮಾಡ್ಲಿ ಸ್ನೇಹಾ, ಇಲ್ಲಿಂದ ಕುಷಾಯಿಗೂಡಕ್ಕ ಬರೂದ್ರಾಗ ವಿಮಾನ ಮುಂಬಯಿ ಮುಟ್ಟಿ ತಿರುಗಿ ಬಂದಿರ್ತೈತಿ. ಗಂಡನ ಜೋಕಿಗೆ ನಗುವ ಶಕ್ತಿಯೂ ಬೇಕಲ್ಲ. ನಾಳೆ ಬಸ್ಸು ಬರುವ ಮೊದಲೇ ಗೇಟಿನಲ್ಲಿ ಇರುತ್ತೇನೆ ಎಂದು ಭಕ್ತಿಗೆ ಹೇಳಲಿಲ್ಲ, ತನಗೇ ಹೇಳಿಕೊಂಡಳು, ಆ ಮಗುವಿಗೆ ಹೇಳಿ ತಪ್ಪಿದ್ದು ಸಾಕಷ್ಟಾಗಿದೆ — ಅಯಿಪೋಯಿಂದಾ, ಪರದೆಯ ಮೂಲೆಯಲ್ಲಿ ಪ್ರಿಯಂವದಾ, ಟೀಮ್ ಲೀಡು, ಮುಗಿಯಿತಾ ಮುಗಿಯಿತಾ ಎಂದು ಇದು ಮೂರನೆಯ ಸಲ, ಜೊತೆಗೆ ಒಂದು ಚಹಾದ ಕಪ್ಪಿನ ಚಿತ್ರ, ನಾಲ್ಕಕ್ಕೆ ಬಸವರಾಜರಿಗೆ ತೋರಿಸಬೇಕು, ಅದಕ್ಕೂ ಮೊದಲು ಬಸ್ಸು, ಬಸ್ಸನ್ನು ಮರೆಯಬಾರದು, ಬೆಳಿಗ್ಗೆ ಭಕ್ತಿಯೂ ಬಸ್ಸಿನದೇ ಏನೋ ಹೇಳುತ್ತಿದ್ದಳು, ತಾನು ರಿಬ್ಬನ್ ಹಲ್ಲಿನಲ್ಲಿ ಕಚ್ಚಿಕೊಂಡು ಜಡೆ ಹಾಕುತ್ತ, ಮಡಿಲಲ್ಲಿ ಫೋನು, ಫೋನಿನಲ್ಲಿ ಇದೇ ಹಸಿರು ಪಟ್ಟಿ, ಅವ್ವಾ ಇವತ್ತ ಬಸ್ಸಿನ್ಯಾಗ ನಾ — ಹ್ಞೂ — ಯಾದಮ್ಮಗ — ಹ್ಞೂ ಹ್ಞೂ, ತಲಿ ಅಳ್ಳಾಡಿಸಬ್ಯಾಡ — ಅವ್ವಾ ಕೇಳಾಕತ್ತೀಯೇನ — ಕೇಳಾಕತ್ತೀನವ್ವಾ. ಏನು ಕೇಳಿದ್ದು, ಯಾದಮ್ಮ ಬಸ್ಸಿನ ಆಯಾ, ಆಕೆಗೆ ಏನೋ ಕೊಡಬೇಕಿತ್ತೇ, ಹುಟ್ಟುಹಬ್ಬದ ಚಾಕೊಲೇಟೇ, ಮಾತಿನ ತುದಿಗಳು ಉಳಿದಿವೆ, ತಲೆಯೇ ಇಲ್ಲ, ಫಟಕಾ, ಚೂರು, ಯಾವ ಬೇಳೆಯದು —

ಡಬ್ಬಿ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಡಬ್ಬಿ, ಪುಟವೆಂದರೆ ಇಷ್ಟೇ, ಹೆಡರನ್ನೇ ನೋಡುತ್ತ ಕೂತರೆ ಏನು ಸಿಗುತ್ತದೆ, ಅದನ್ನು ಹೊತ್ತವರನ್ನು ನೋಡಬೇಕು, ತಾಯಿ ಡಬ್ಬಿ ಸರಿ ಇದೆ, ಅದರ ಮೇಲಿನದು ಸರಿ, ಅದರ ಮೇಲೆ — ಓವರ್‌ಫ್ಲೋ ಹಿಡನ್. ಇಲ್ಲಿದೆಯಲ್ಲ. ಹೊರಗೆ ಚೆಲ್ಲಿದ್ದು ಕಾಣಬಾರದು ಎಂಬ ಒಂದು ಸಾಲು, ಮುತ್ತಜ್ಜಿ ಡಬ್ಬಿಗೆ ಅದನ್ನು ಹಾಕಿದರೆ ಒಳಗಿನ ಹೆಡರು ಆ ಡಬ್ಬಿಯನ್ನೇ ಇಡೀ ಲೋಕವೆಂದುಕೊಳ್ಳುತ್ತದೆ, ಅದರ ಅಂಚಿಗೆ ಅಂಟಲು ಕಾಯುತ್ತದೆ, ಆ ಡಬ್ಬಿಯೊಳಗೆ ಏನೂ ಸರಿಯುವುದೇ ಇಲ್ಲ, ಸರಿಯುವುದು ಹೊರಗಿನ ಪುಟ, ಪಾಪ ಅದಕ್ಕೆ ಗೊತ್ತೇ ಆಗುವುದಿಲ್ಲ. ಯಾರು ಬರೆದದ್ದು ಎಂದು ನೋಡಿದರೆ ಸ್ನೇಹಲತಾ, ಮತ್ತಾರು, ಭಕ್ತಿಗೆ ಜ್ವರ ಬಂದಿದ್ದ ವಾರ, ಯಾವುದೋ ಉದ್ದ ಹೆಸರಿನ ಬೇಳೆಯಿಂದ ಸಣ್ಣ ಫೋನುಗಳಲ್ಲಿ ಪುಟ ಅಡ್ಡಡ್ಡ ತೂಗಾಡುತ್ತಿತ್ತು, ಒಂದು ಕೈ ಮಗುವಿನ ಹಣೆಯ ಒದ್ದೆ ಬಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಈ ಸಾಲು, ಈಗ ಮುಚ್ಚಿಬಿಡು ಆಮೇಲೆ ನೋಡೋಣ, ಹಾಗೆ ಮುಚ್ಚಿದ್ದು ಎಷ್ಟಿದೆಯೋ ಈ ಮನೆಯಲ್ಲಿ, ಮಂಚದ ಕೆಳಗಿನ ಮಡಚದ ಬಟ್ಟೆ, ಅತ್ತೆ ಫೋನು ಮಾಡಿದಾಗ ಎಲ್ಲಾ ಚಲೋ ಐತ್ರಿ ಅತ್ತೀ, ಕಾಲ್‌ನಲ್ಲಿ ಮಗು ಕರೆದರೆ ತಟಕ್ಕನೆ ಮ್ಯೂಟು. ಸಾಲನ್ನು ಅಳಿಸಿದಳು. ಫೋನು ತೆಗೆದು ಬೆರಳಿಂದ ತಳ್ಳಿದಳು, ತೊಗರಿಬೇಳೆ ಏರಿತು, ಅಂಚು ಮುಟ್ಟಿತು, ನಿಂತಿತು. ನಿಂತೇ ಇತ್ತು. ಕೆಳಗೆ ಫಟಕಾ ಹೋಯಿತು, ಸವಾ ನಂಬರ್ ಹೋಯಿತು, ಚೂರೂ ಹೋಯಿತು, ಹೆಸರು ಮಾತ್ರ ಗಟ್ಟಿಯಾಗಿ ಮೇಲೆ, ಆಮೇಲೆ ಕಡಲೆಬೇಳೆ ಬಂದು ಮೆಲ್ಲಗೆ, ಸರಿಯಕ್ಕಾ ನನ್ನ ಪಾಳಿ ಎಂಬಂತೆ ಅದನ್ನು ದಬ್ಬಿತು, ಪುಟ ಅಡ್ಡಡ್ಡ ತೂಗಿದರೆ ತೂಗಲಿ, ಅದನ್ನು ನಾಳೆ ನೋಡಿದರಾಯಿತು, ಇನ್ನೊಂದು ಸಲ ತಳ್ಳಬೇಕೆನಿಸಿತು, ಇಲ್ಲ, ಇನ್ನೊಂದು ಸಲ ಎನ್ನುವುದೇ ನಿನ್ನೆಯ ತಪ್ಪು, ಅಯಿಪೋಯಿಂದಿ, ಮುಗಿಯಿತು ಎಂದು ಪ್ರಿಯಂವದೆಗೆ ಒತ್ತಿ, ಇವತ್ತು ಚಪ್ಪಲಿ ಸಿಕ್ಕಿತು, ಮೆಟ್ಟಿಲು, ಮೆಟ್ಟಿಲು, ಗೇಟು.

ಬಸ್ಸು ಇನ್ನೂ ಬಂದಿಲ್ಲ. ಬಿಸಿಲು, ಎದುರಿನ ಇಸ್ತ್ರಿ ಗಾಡಿಯಿಂದ ಇದ್ದಿಲ ವಾಸನೆ, ತಲೆಗೂದಲು ಸರಿಮಾಡಿಕೊಂಡಳು, ನೈಟಿಯಲ್ಲ, ಇವತ್ತು ಸೀರೆಯೇ, ನೋಡಲಿ ನನ್ನ ಮಗಳು, ಅಗೋ ಹಳದಿ, ಬಂತು, ಸ್ಪೀಡ್ ಬ್ರೇಕರಿಗೆ ನಿಧಾನವಾಯಿತು, ಸ್ನೇಹಲತಾ ಒಂದು ಹೆಜ್ಜೆ ಮುಂದೆ ಬಂದು ಎರಡೂ ಕೈ ಚಾಚಿದಳು, ಮುಂದಿನ ಚಕ್ರ ಏರಿ ಇಳಿಯಿತು, ಹಿಂದಿನ ಚಕ್ರ ಏರಿ ಇಳಿಯಿತು, ಬಾಗಿಲು ತೆರೆಯಲಿಲ್ಲ, ಬಾಗಿಲಲ್ಲಿ ಯಾದಮ್ಮ ಇಲ್ಲ, ಆಪಂಡೀ, ಆಪಂಡಿ, ನಿಲ್ಲಿಸ್ರೀ, ಯಾವ ಭಾಷೆ ಬಾಯಿಗೆ ಬಂತೋ ಅದರಲ್ಲಿ ಕೂಗಿದಳು, ಬಸ್ಸು ಮುಂದೆ ಹೋಯಿತು, ಹಿಂದಿನ ಸೀಟಿನಲ್ಲಿ ಅಷ್ಟು ಹೊತ್ತು ಆ ಕಡೆ ನೋಡುತ್ತಿದ್ದ ಪುಟ್ಟ ತಲೆ ಈ ಕಡೆ ತಿರುಗಿತು, ಇವಳನ್ನು ಕಂಡಿತು, ಬಾಯಿ ತೆರೆಯಿತು, ಆಗ ಬೆಳಗಿನ ಮಾತು ಪೂರಾ ಬಂತು, ತಲೆಯ ಸಮೇತ, ಅವ್ವಾ ಇವತ್ತ ಬಸ್ಸಿನ್ಯಾಗ ನಾ ಹಿಂದ ಕುಂದ್ರತೀನಿ, ಯಾದಮ್ಮಗ ಹೇಳ್ತೀನಿ, ನಮ್ಮ ಮನಿ ಮುಂದ ನಿಲ್ಲಿಸಬ್ಯಾಡ್ರಿ, ನಮ್ಮವ್ವಂದು ಕೆಲಸ ಇರ್ತೈತಿ, ಎಲ್ಲಾರನ್ನೂ ಬಿಟ್ಟು ಕಡೀಕ ನನ್ನ ಬಿಡ್ರಿ ಅಂತ, ಅವ್ವಾ ಕೇಳಾಕತ್ತೀಯೇನ, ಕೇಳಾಕತ್ತೀನವ್ವಾ, ತಿರುವಿನಲ್ಲಿ ಬಸ್ಸು ವಾಲಿತು, ಗಾಜಿಗೆ ಒಂದು ಅಂಗೈ, ಐದೂ ಬೆರಳು ಚಪ್ಪಟೆ, ಬೆಳ್ಳಗೆ, ಇಸ್ತ್ರಿ ಗಾಡಿ ದಾಟಿತು, ಕಂಬ ದಾಟಿತು, ರಸ್ತೆ ಖಾಲಿಯಾಯಿತು, ಅಂಗೈ ಮಾತ್ರ ನಿಂತೇ ಇತ್ತು —

ಗಾಜಿಗೆ ಒತ್ತಿದ ಅಂಗೈ —